ಐ ಮತ್ತು ಕ್ಯೂ: ಕಾರವಾರದಲ್ಲಿ ಒಂದು ಯುಎಸ್‌ಬಿ ರೇಡಿಯೋ ಡಾಂಗಲ್‌ನ ವಿಮರ್ಶೆ

ಲ್ಯಾಪ್‌ಟಾಪ್‌ಗೆ ಚುಚ್ಚಿ ರೇಡಿಯೋ ಅಲೆಗಳನ್ನು ಹಿಡಿಯುವ, ಬಿಡಿಸುವ ಕೆಲಸವನ್ನು ಸಾಫ್ಟ್‌ವೇರಿಗೆ ಬಿಡುವ ಆರ್‌ಟಿಎಲ್-ಎಸ್‌ಡಿಆರ್ ಮಾದರಿಯ ಡಾಂಗಲ್‌ಗಳ ಬಗ್ಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು, ಅದು ಎಷ್ಟು ಕೇಂದ್ರಗಳನ್ನು ಹಿಡಿಯಿತು, ಎಷ್ಟು ದೂರದ್ದನ್ನು ಹಿಡಿಯಿತು ಎಂಬ ಲೆಕ್ಕದಲ್ಲಿಯೇ ಮುಗಿದುಹೋಗುತ್ತವೆ. ಆ ಲೆಕ್ಕದಲ್ಲಿ ನೋಡಿದರೆ ಇದು ಸಾಧಾರಣ ರೇಡಿಯೋ. ಹಾಡು ಕೇಳುವುದಷ್ಟೇ ಉದ್ದೇಶವಾದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಟ್ರಾನ್ಸಿಸ್ಟರ್ ಇದಕ್ಕಿಂತ ಕಡಿಮೆ ತಲೆನೋವಿನದು. ಆದರೆ ಅಂಗಡಿಯ ರೇಡಿಯೋ ಕೊಡದ ಒಂದು ವಸ್ತುವನ್ನು ಇದು ಕೊಡುತ್ತದೆ. ಅಲೆಯನ್ನು ಧ್ವನಿಯಾಗಿ ಬದಲಿಸುವ ಮೊದಲೇ, ಐ ಮತ್ತು ಕ್ಯೂ ಎಂಬ ಎರಡು ಅಂಕಿಗಳ ಹರಿವಾಗಿ, ಹಸಿಹಸಿಯಾಗಿ ನಮ್ಮ ಕೈಗೆ ಒಪ್ಪಿಸುತ್ತದೆ. ಎಂಜಿನಿಯರಿಂಗ್ ಓದುವ ಹುಡುಗರು ಪರೀಕ್ಷೆಗಾಗಿ ಉರುಹೊಡೆದು ಮರೆಯುವ ಕ್ವಾಡ್ರೇಚರ್ (ಕಾಲು ಸುತ್ತಿನ ಅಂತರದ) ಸಿಗ್ನಲ್ ಎಂದರೆ ಇದೇ. ನಾನು ಈ ಡಾಂಗಲ್ಲನ್ನು ಅಳೆದಿರುವುದು ಆ ಒಂದು ಕಾರಣಕ್ಕಾಗಿ.

ನನ್ನ ಬಳಿ ಇರುವುದು ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಚಿಪ್ಪು, ಅದರ ಮುಂದೆ ಆರ್820ಟಿ2 ಟ್ಯೂನರ್, 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ನಿಖರತೆಯ ಗಡಿಯಾರ, ಅಲ್ಯೂಮಿನಿಯಂ ಕವಚ ಮತ್ತು ಎಸ್‌ಎಂಎ ಕನೆಕ್ಟರ್ ಇರುವ ಮಾದರಿ. ಈ ಚಿಪ್ಪು ಹುಟ್ಟಿದ್ದು ಯುರೋಪಿನ ಡಿಜಿಟಲ್ ಟಿವಿ ನೋಡುವುದಕ್ಕಾಗಿ. ಟಿವಿಯ ಲೆಕ್ಕಾಚಾರವನ್ನು ಬದಿಗಿಟ್ಟು ಹಸಿ ಮಾದರಿಗಳನ್ನು ನೇರವಾಗಿ ಯುಎಸ್‌ಬಿಗೆ ಸುರಿಯುವ ದಾರಿಯೊಂದು ಅದರೊಳಗೆ ಇದೆಯೆಂಬುದು 2012ರ ಸುಮಾರಿಗೆ ಹವ್ಯಾಸಿಗಳಿಗೆ ಗೊತ್ತಾದ ಮೇಲೆ, ಟಿವಿ ಡಾಂಗಲ್ ರೇಡಿಯೋ ಪ್ರಯೋಗಶಾಲೆಯ ಸಾಮಗ್ರಿಯಾಯಿತು. ಸುಮಾರು 24 ಮೆಗಾಹರ್ಟ್ಜ್‌ನಿಂದ 1766 ಮೆಗಾಹರ್ಟ್ಜ್‌ವರೆಗೆ ಇದನ್ನು ತಿರುಗಿಸಬಹುದು. ಒಂದು ಸಲಕ್ಕೆ ಸುಮಾರು 2.4 ಮೆಗಾಹರ್ಟ್ಜ್ ಅಗಲದ ಪಟ್ಟಿ ಪರದೆಯ ಮೇಲೆ ಕಾಣುತ್ತದೆ.

ಎರಡು ಹರಿವುಗಳು ಏಕೆ ಬೇಕು ಎಂಬುದು ಮೊದಲ ಪ್ರಶ್ನೆ. ಆಂಟೆನಾಕ್ಕೆ ಬರುವುದು ಒಂದೇ ವೋಲ್ಟೇಜು, ಒಂದೇ ತಂತಿಯಲ್ಲಿ. ಅದರ ಕಂಪನಾಂಕ ಕಂಪ್ಯೂಟರು ನೇರವಾಗಿ ಎಣಿಸಲಾರದಷ್ಟು ಹೆಚ್ಚಿರುವುದರಿಂದ ರಿಸೀವರಿನಲ್ಲಿಯೇ ಹುಟ್ಟಿಸಿದ ಇನ್ನೊಂದು ಅಲೆಯೊಡನೆ ಗುಣಿಸಿ ಕೆಳಕ್ಕೆ ಇಳಿಸುತ್ತಾರೆ. ಉದಾಹರಣೆಗೆ ನಾವು 102.1 ಮೆಗಾಹರ್ಟ್ಜ್‌ನ ಅಲೆಯಿಂದ ಗುಣಿಸಿದೆವು ಎನ್ನೋಣ. ಆಗ 102.3ರಲ್ಲಿರುವ ಕೇಂದ್ರ 0.2 ಮೆಗಾಹರ್ಟ್ಜ್‌ಗೆ ಇಳಿಯುತ್ತದೆ. ತೊಂದರೆಯೆಂದರೆ, 101.9ರಲ್ಲಿ ಏನಾದರೂ ಇದ್ದರೆ ಅದೂ 0.2ಕ್ಕೇ ಇಳಿದು ಮೊದಲಿನದರ ಮೇಲೆಯೇ ಕೂರುತ್ತದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಬೇರ್ಪಡಿಸಲು ಆ ಒಂದು ಹರಿವಿನೊಳಗೆ ಯಾವ ಸುಳಿವೂ ಉಳಿದಿರುವುದಿಲ್ಲ. ಗುಣಿಸಿದ ಮೇಲೆ ಎಷ್ಟೇ ಜಾಣ ಸಾಫ್ಟ್‌ವೇರ್ ಬರೆದರೂ ಅದು ಬಿಡಿಸಲಾಗದ ಗಂಟು.

ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ನಿಲ್ಲಿಸುವ ದೊಡ್ಡ ತಿರುಗುವ ತೊಟ್ಟಿಲನ್ನು ಮುಂದಿನಿಂದ ನೋಡದೆ, ಚಕ್ರದ ಅಂಚಿನ ನೇರಕ್ಕೆ ನಿಂತು ನೋಡಿದರೆ, ಒಂದು ತೊಟ್ಟಿಲು ಮೇಲೆ ಹೋಗಿ ಕೆಳಗೆ ಬರುವುದಷ್ಟೇ ಕಾಣುತ್ತದೆ. ಚಕ್ರ ಯಾವ ದಿಕ್ಕಿಗೆ ತಿರುಗುತ್ತಿದೆ ಎಂದು ಹೇಳಲು ಬಾರದು. ಅದೇ ತೊಟ್ಟಿಲು ಎಡಬಲಕ್ಕೆ ಎಷ್ಟು ಸರಿಯುತ್ತಿದೆ ಎಂಬ ಎರಡನೆಯ ಅಳತೆಯೂ ಸಿಕ್ಕಿದರೆ ದಿಕ್ಕು, ವೇಗ, ಈ ಕ್ಷಣದಲ್ಲಿ ಅದು ಇರುವ ಜಾಗ, ಎಲ್ಲವೂ ಖಚಿತವಾಗುತ್ತವೆ. ರಿಸೀವರಿನಲ್ಲಿ ಮಾಡುವುದೂ ಅದನ್ನೇ. ಬಂದ ಸಿಗ್ನಲನ್ನು ಕೊಸೈನ್ ಅಲೆಯೊಂದರಿಂದ ಗುಣಿಸಿ ಐ ಪಡೆಯುತ್ತಾರೆ. ಅದೇ ಕಂಪನಾಂಕದ, ಆದರೆ ಕಾಲು ಸುತ್ತು, ಎಂದರೆ 90 ಡಿಗ್ರಿ ಸರಿದ ಸೈನ್ ಅಲೆಯಿಂದ ಗುಣಿಸಿ ಕ್ಯೂ ಪಡೆಯುತ್ತಾರೆ. ಎರಡನ್ನೂ ಒಂದು ಬಿಂದುವಿನ ಅಡ್ಡ ಮತ್ತು ಲಂಬ ಅಳತೆಗಳೆಂದು ಬಗೆದರೆ, ನಮ್ಮ ಟ್ಯೂನಿಂಗ್‌ಗಿಂತ ಮೇಲಿನ ಕಂಪನಾಂಕದ ಕೇಂದ್ರ ಆ ಬಿಂದುವನ್ನು ಎಡಸುತ್ತಾಗಿಯೂ, ಕೆಳಗಿನದು ಬಲಸುತ್ತಾಗಿಯೂ ತಿರುಗಿಸುತ್ತದೆ. ಗಣಿತದವರು ಋಣ ಕಂಪನಾಂಕ ಎನ್ನುವುದು ಹೀಗೆ ಬಲಸುತ್ತು ತಿರುಗುವುದಕ್ಕೇ.

ಪುಸ್ತಕದಲ್ಲಿ ಓದಿದ ಈ ಮಾತನ್ನು ಡಾಂಗಲ್‌ನಿಂದ ಕಣ್ಣಾರೆ ನೋಡಬಹುದು, ಮತ್ತು ನನ್ನ ದೃಷ್ಟಿಯಲ್ಲಿ ಕೊಟ್ಟ ಹಣ ಇದೊಂದರಿಂದಲೇ ವಸೂಲಾಗುತ್ತದೆ. ಟ್ಯೂನಿಂಗನ್ನು 102.1ಕ್ಕೆ ಇಟ್ಟು, ಉಚಿತವಾಗಿ ಸಿಗುವ ಆರ್‌ಟಿಎಲ್‌_ಎಸ್‌ಡಿಆರ್ ಆಜ್ಞೆಯಿಂದ ಕೆಲವು ಸೆಕೆಂಡುಗಳನ್ನು ಕಡತವಾಗಿ ಉಳಿಸಿಕೊಳ್ಳಬೇಕು. ಆ ಕಡತದಲ್ಲಿ ಬೇರೇನೂ ಇರುವುದಿಲ್ಲ; ಐ, ಕ್ಯೂ, ಐ, ಕ್ಯೂ ಎಂದು ಒಂದರ ಹಿಂದೊಂದು 0ರಿಂದ 255ರವರೆಗಿನ ಬೈಟುಗಳ ಸಾಲು (127.5 ಎಂದರೆ ಸೊನ್ನೆಯ ಮಟ್ಟ), ಅಷ್ಟೆ. ಸೆಕೆಂಡಿಗೆ 24 ಲಕ್ಷ ಜೋಡಿಗಳಾದ್ದರಿಂದ ಒಂದು ನಿಮಿಷಕ್ಕೆ 288 ಮೆಗಾಬೈಟು ತುಂಬುತ್ತದೆ. ಹಳೆಯ ಲ್ಯಾಪ್‌ಟಾಪ್ ಇರುವವರು ಈ ಲೆಕ್ಕವನ್ನು ಗಮನದಲ್ಲಿಡಬೇಕು. ಕಡತದ ಸ್ಪೆಕ್ಟ್ರಮ್, ಎಂದರೆ ಯಾವ ಕಂಪನಾಂಕದಲ್ಲಿ ಎಷ್ಟು ಬಲವಿದೆ ಎಂಬ ಚಿತ್ರ, ಬಿಡಿಸಿದರೆ ಆಕಾಶವಾಣಿ ಕಾರವಾರದ 102.3 ನಡುಗೆರೆಯ ಬಲಕ್ಕೆ ದಪ್ಪ ದಿಬ್ಬವಾಗಿ ನಿಂತಿರುತ್ತದೆ. ಎಡಕ್ಕೆ ಅಷ್ಟೇ ದೂರದಲ್ಲಿ, 101.9ರ ಜಾಗದಲ್ಲಿ, ಬರಿಯ ಗದ್ದಲದ ನೆಲ. ಈಗ ಪೈಥಾನ್ ಪ್ರೋಗ್ರಾಮಿನ ಒಂದು ಸಾಲಿನಿಂದ ಕ್ಯೂ ಅಳತೆಗಳನ್ನೆಲ್ಲ ಸೊನ್ನೆಯ ಮಟ್ಟಕ್ಕೆ ತಂದು ಮತ್ತೆ ಬಿಡಿಸಿ ನೋಡಿರಿ. ಎಡಗಡೆಯ ಖಾಲಿ ಜಾಗದಲ್ಲಿ ಬಲಗಡೆಯ ದಿಬ್ಬದ ಕನ್ನಡಿ ಪ್ರತಿ, ಅದರಷ್ಟೇ ಎತ್ತರಕ್ಕೆ, ಎದ್ದು ನಿಂತಿರುತ್ತದೆ. ಕ್ಯೂ ಇಲ್ಲದೆ ಎಡಬಲದ ಭೇದವೇ ಇಲ್ಲ. ಪಟ್ಟಿಯ ಅಗಲ 2.4 ಮೆಗಾಹರ್ಟ್ಜ್ ಎಂದು ತೋರಿದರೂ ಉಪಯೋಗಕ್ಕೆ ಬರುವುದು ಅದರ ಅರ್ಧ ಮಾತ್ರ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವುದನ್ನೂ ಅಳಿಸದೆ ಐ ಮತ್ತು ಕ್ಯೂಗಳನ್ನು ಅದಲುಬದಲು ಮಾಡಿದರೆ ಇಡೀ ಸ್ಪೆಕ್ಟ್ರಮ್ ಮಗುಚಿಕೊಳ್ಳುತ್ತದೆ, 102.3 ಎಡಕ್ಕೆ ಹೋಗಿ ಕೂರುತ್ತದೆ. ಅಲ್ಲಿಗೇ ಟ್ಯೂನ್ ಮಾಡಿ ಕೇಳಿದರೆ ವಾರ್ತೆ ಎಂದಿನಂತೆಯೇ ಕೇಳುತ್ತದೆ, ಏಕೆಂದರೆ ಎಫ್‌ಎಂನಲ್ಲಿ ಧ್ವನಿಯ ಏರು ಇಳಿವಾಗಿ ಮಗುಚಿದರೂ ಕಿವಿಗೆ ಗೊತ್ತಾಗದು. ಇದೇ ಅದಲುಬದಲನ್ನು 7 ಮೆಗಾಹರ್ಟ್ಜ್‌ನಲ್ಲಿ ಹ್ಯಾಮ್‌ಗಳು (ಪರವಾನಗಿ ಪಡೆದ ಹವ್ಯಾಸಿಗಳು) ಅಲೆಯ ಒಂದೇ ಬದಿಯನ್ನು ಕಳಿಸಿ ಆಡುವ ಸಿಂಗಲ್ ಸೈಡ್‌ಬ್ಯಾಂಡ್ ಮಾತಿನ ಮೇಲೆ ಮಾಡಿದರೆ ಕೆಳ ಸೈಡ್‌ಬ್ಯಾಂಡು ಮೇಲಿನದಾಗಿ, ಕನ್ನಡವೋ ಹಿಂದಿಯೋ ತಿಳಿಯದ ಗೊಗ್ಗರು ಶಬ್ದವಾಗಿಬಿಡುತ್ತದೆ. ಸಾಫ್ಟ್‌ವೇರುಗಳ ಮೆನುವಿನಲ್ಲಿ ಐ-ಕ್ಯೂ ಅದಲುಬದಲಿಗೆ ಒಂದು ಗುಂಡಿ ಏಕಿದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಎಎಂ ಪ್ರಸಾರದಲ್ಲಿ ಇದೇ ಪಾಠದ ಬೇರೆ ಮುಖ ಕಾಣುತ್ತದೆ. ಈ ಡಾಂಗಲ್‌ನಲ್ಲಿ ಟ್ಯೂನರನ್ನು ಬಿಟ್ಟು ಆಂಟೆನಾವನ್ನು ನೇರವಾಗಿ ಚಿಪ್ಪಿಗೆ ಜೋಡಿಸುವ ಡೈರೆಕ್ಟ್ ಸ್ಯಾಂಪ್ಲಿಂಗ್ ಎಂಬ ವ್ಯವಸ್ಥೆಯಿದೆ. ಹಿತ್ತಲಿನ ಎರಡು ತೆಂಗಿನ ಮರಗಳ ನಡುವೆ ಉದ್ದನೆಯ ತಂತಿ ಎಳೆದರೆ ಧಾರವಾಡದ 765 ಕಿಲೋಹರ್ಟ್ಜ್ ಸಂಜೆಯ ಮೇಲೆ ಚೆನ್ನಾಗಿ ಸಿಗುತ್ತದೆ. ಎಎಂನಲ್ಲಿ ಮಾತು ಇರುವುದು ಅಲೆಯ ಎತ್ತರದಲ್ಲಿ. ಐ ವರ್ಗ ಮತ್ತು ಕ್ಯೂ ವರ್ಗಗಳ ಮೊತ್ತದ ವರ್ಗಮೂಲ ತೆಗೆದರೆ ಆ ಎತ್ತರ ಸಿಗುತ್ತದೆ, ಬಿಂದು ಯಾವ ಕೋನದಲ್ಲಿದ್ದರೂ ಸರಿಯೇ. ಈಗ ಕ್ಯೂವನ್ನು ಬಿಟ್ಟು ಐ ಒಂದರಿಂದಲೇ ಮಾತನ್ನು ಹೊರತೆಗೆಯಲು ಹೊರಡೋಣ. ಕೇಂದ್ರದ ಗಡಿಯಾರಕ್ಕೂ ಡಾಂಗಲ್‌ನ ಗಡಿಯಾರಕ್ಕೂ ಅರ್ಧ ಹರ್ಟ್ಜ್‌ನಷ್ಟು ವ್ಯತ್ಯಾಸವಿದ್ದರೂ ಸಾಕು, ಬಿಂದು ನಿಧಾನವಾಗಿ ಸುತ್ತುತ್ತಿರುತ್ತದೆ; ಅದು ಪೂರ್ತಿ ಲಂಬವಾದಾಗಲೆಲ್ಲ ಐ ಸೊನ್ನೆಯಾಗಿ, ವಾರ್ತೆ ಓದುವವರ ದನಿ ಸೆಕೆಂಡಿಗೊಮ್ಮೆ ಮುಳುಗಿ ಏಳುತ್ತದೆ. ಅದೇ ಹೊತ್ತಿಗೆ ಕ್ಯೂವನ್ನು ಇನ್ನೊಂದು ಕಿವಿಗೆ ಕೊಟ್ಟರೆ, ಒಂದು ಕಿವಿಯಲ್ಲಿ ದನಿ ಅಡಗಿದ ಗಳಿಗೆಗೆ ಸರಿಯಾಗಿ ಇನ್ನೊಂದರಲ್ಲಿ ತುಂಬಿ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಇದನ್ನು ಕೇಳಿದ ವಿದ್ಯಾರ್ಥಿಗೆ ಎರಡೂ ಹರಿವುಗಳ ಅಗತ್ಯವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಡೈರೆಕ್ಟ್ ಸ್ಯಾಂಪ್ಲಿಂಗ್ ವ್ಯವಸ್ಥೆಯ ದೋಷವನ್ನೂ ಇಲ್ಲಿಯೇ ಹೇಳಬೇಕು. ಅಲ್ಲಿ ಆಂಟೆನಾ ಜೋಡಣೆಯಾಗುವುದು ಚಿಪ್ಪಿನ ಎರಡು ಕಿಂಡಿಗಳಲ್ಲಿ ಒಂದಕ್ಕೆ ಮಾತ್ರ, ಮತ್ತು ಆ ಕಿಂಡಿ ಸೆಕೆಂಡಿಗೆ 2 ಕೋಟಿ 88 ಲಕ್ಷ ಸಲ ಅಳೆಯುತ್ತದೆ. ಒಂದೇ ಹರಿವಿನ ಅಳತೆಯಾದ್ದರಿಂದ ಅದರ ಅರ್ಧ, ಎಂದರೆ 14.4 ಮೆಗಾಹರ್ಟ್ಜ್, ಕನ್ನಡಿಯಂತಾಗುತ್ತದೆ: 15.4ರಲ್ಲಿ ಪ್ರಸಾರವಾಗುವ ವಿದೇಶಿ ಕೇಂದ್ರ 13.4ರಲ್ಲಿಯೂ ಮಗುಚಿಕೊಂಡು ಕಾಣಿಸುತ್ತದೆ. ಫಿಲ್ಟರ್ ಹಾಕದೆ ಶಾರ್ಟ್‌ವೇವ್ ಕೇಳುವವರು ಇಲ್ಲದ ಕೇಂದ್ರಗಳನ್ನು ಪಟ್ಟಿ ಮಾಡಿಕೊಳ್ಳುವ ಸಾಧ್ಯತೆ ಸಾಕಷ್ಟಿದೆ. ಈಚಿನ ಕೆಲವು ಮಾದರಿಗಳಲ್ಲಿ ಶಾರ್ಟ್‌ವೇವನ್ನು ಮೊದಲು 28.8 ಮೆಗಾಹರ್ಟ್ಜ್ ಮೇಲಕ್ಕೆ ಎತ್ತಿ, ಆಮೇಲೆ ಟ್ಯೂನರಿನ ಮೂಲಕ ಕಳಿಸುವ ಏರ್ಪಾಡಿದ್ದು, ಈ ಕಾಟ ಅವುಗಳಲ್ಲಿ ಇಲ್ಲ. ಶಾರ್ಟ್‌ವೇವೇ ಮುಖ್ಯವಾದವರು ಅದನ್ನೇ ಕೊಳ್ಳಲಿ.

ಇನ್ನು ಡಾಂಗಲ್‌ನ ಒಳಗೆ ಐ ಮತ್ತು ಕ್ಯೂ ಹುಟ್ಟುವುದೆಲ್ಲಿ ಎಂಬ ಪ್ರಶ್ನೆ. ಪಠ್ಯಪುಸ್ತಕದ ಚಿತ್ರದಲ್ಲಿ ಗುಣಿಸುವ ಎರಡು ಮಿಕ್ಸರುಗಳು, ಎರಡು ಫಿಲ್ಟರುಗಳು, ಅಲೆಯನ್ನು ಅಂಕಿಗಳಾಗಿಸುವ ಎರಡು ಎಡಿಸಿಗಳು ಅಕ್ಕಪಕ್ಕ ನಿಂತಿರುತ್ತವೆ. ಇದೇ ಚಿಪ್ಪಿನ ಜೊತೆ ಮೊದಮೊದಲು ಬರುತ್ತಿದ್ದ ಇ4000 ಟ್ಯೂನರು ಹಾಗೆಯೇ ಕೆಲಸ ಮಾಡುತ್ತಿತ್ತು: ಸಿಗ್ನಲನ್ನು ನೇರವಾಗಿ ಸೊನ್ನೆಗೆ ಇಳಿಸಿ ಎರಡು ತಂತಿಗಳಲ್ಲಿ ಐ ಮತ್ತು ಕ್ಯೂ ಕೊಡುತ್ತಿತ್ತು. ಆರ್820ಟಿ2ರ ದಾರಿ ಬೇರೆ. ಅದು ಸಿಗ್ನಲನ್ನು 3.57 ಮೆಗಾಹರ್ಟ್ಜ್‌ವರೆಗೆ ಮಾತ್ರ ಇಳಿಸಿ ಒಂದೇ ಹರಿವಾಗಿ ಮುಂದಕ್ಕೆ ಕಳಿಸುತ್ತದೆ. ರಿಯಲ್‌ಟೆಕ್ ಚಿಪ್ಪು ಅದನ್ನು ಅಂಕಿಗಳಾಗಿಸಿದ ಮೇಲೆ, ಅಂಕಿಗಳ ಲೋಕದಲ್ಲಿಯೇ ಕೊಸೈನ್ ಮತ್ತು ಸೈನ್‌ಗಳಿಂದ ಗುಣಿಸಿ ಐ ಮತ್ತು ಕ್ಯೂ ಮಾಡುತ್ತದೆ, ಬಳಿಕ 12 ಅಳತೆಗಳ ಜಾಗದಲ್ಲಿ ಒಂದನ್ನು ಉಳಿಸಿ 2.4ರ ವೇಗಕ್ಕೆ ತರುತ್ತದೆ.

ಇದರ ಫಲ ಎರಡು ಬಗೆಯದು. ತಂತಿಯಲ್ಲಿ ಮಾಡುವ ಕ್ವಾಡ್ರೇಚರ್‌ನಲ್ಲಿ 90 ಡಿಗ್ರಿ ಎಂದಿಗೂ ಸರಿಯಾಗಿ 90 ಆಗಿರುವುದಿಲ್ಲ, ಎರಡು ದಾರಿಗಳ ಬಲವೂ ಸಮನಾಗಿರುವುದಿಲ್ಲ. ಕೋನದಲ್ಲಿ 1 ಡಿಗ್ರಿ, ಬಲದಲ್ಲಿ ಶೇಕಡಾ 1 ತಪ್ಪಿದರೂ ಪ್ರತಿ ಕೇಂದ್ರಕ್ಕೂ ನಡುಗೆರೆಯ ಆಚೆ, ಅದಕ್ಕಿಂತ ಸುಮಾರು 40 ಡೆಸಿಬೆಲ್ ಕೆಳಗೆ, ಒಂದು ಭೂತಬಿಂಬ ಹುಟ್ಟುತ್ತದೆ. ಬಲವಾದ ಕೇಂದ್ರದ ಬಿಂಬ ದುರ್ಬಲ ಕೇಂದ್ರವನ್ನು ನುಂಗಲು ಅಷ್ಟು ಸಾಕು. ಜೊತೆಗೆ ಪಟ್ಟಿಯ ನಟ್ಟನಡುವೆ ಯಾವ ಕೇಂದ್ರಕ್ಕೂ ಸೇರದ ಮೊನೆಯೊಂದು ಸದಾ ಚುಚ್ಚಿಕೊಂಡಿರುತ್ತದೆ. ಅಂಕಗಣಿತಕ್ಕೆ ಈ ದೋಷಗಳಿಲ್ಲ, ಆದ್ದರಿಂದ ನನ್ನ ಡಾಂಗಲ್‌ನ ಪರದೆ ಸ್ವಚ್ಛವಾಗಿದೆ. ಕೇಳುವವರಿಗೆ ಇದು ಲಾಭ. ಕಲಿಯುವವರಿಗೆ ಮಾತ್ರ ಒಂದು ಪಾಠ ತಪ್ಪಿಹೋಗುತ್ತದೆ ಎನ್ನುವುದು ನನ್ನ ತಕರಾರು: ಮೊಬೈಲ್ ಫೋನಿನಿಂದ ವೈಫೈವರೆಗೆ ನೇರ ಪರಿವರ್ತನೆಯ (ಸಿಗ್ನಲನ್ನು ನೇರವಾಗಿ ಸೊನ್ನೆಗೆ ಇಳಿಸುವ) ರಿಸೀವರುಗಳು ದಿನವೂ ಸರಿಪಡಿಸಿಕೊಳ್ಳುತ್ತಿರುವ ಐ-ಕ್ಯೂ ಅಸಮತೋಲ ಇಲ್ಲಿ ಕಾಣಲು ಸಿಗುವುದೇ ಇಲ್ಲ. ಸಿಗದಿದ್ದರೆ ಮಾಡಿಕೊಳ್ಳಬಹುದು, ಉಳಿಸಿದ ಕಡತದಲ್ಲಿ ಕ್ಯೂವನ್ನು 1.05ರಿಂದ ಗುಣಿಸಿ, ಐಯ ಸ್ವಲ್ಪ ಅಂಶವನ್ನು ಅದಕ್ಕೆ ಬೆರೆಸಿದರೆ ಭೂತಬಿಂಬ ತಾನಾಗಿ ಮೂಡುತ್ತದೆ. ಕಾಲೇಜಿನ ಪ್ರಯೋಗವಾಗಿ ಇದನ್ನು ಇಟ್ಟುಕೊಳ್ಳಲು ಯಾವ ಅಡ್ಡಿಯೂ ಕಾಣುವುದಿಲ್ಲ.

ಇಷ್ಟು ಹೊತ್ತು ಬರುವ ಅಲೆಯನ್ನು ಬಿಡಿಸುವ ಮಾತಾಯಿತು. ಕಳಿಸುವವನ ಕಡೆಯಿಂದ ಕ್ವಾಡ್ರೇಚರ್‌ನ ಉದ್ದೇಶ ಇನ್ನೂ ಲಾಭದಾಯಕವಾದದ್ದು: ಒಂದೇ ವಾಹಕ ಅಲೆಯ ಮೇಲೆ, ಒಂದೇ ಪಟ್ಟಿಯ ಅಗಲದಲ್ಲಿ, ಒಂದಕ್ಕೊಂದು ಅಡ್ಡಬಾರದ ಎರಡು ಸಂದೇಶಗಳು. ಕೊಸೈನ್ ಮತ್ತು ಸೈನ್‌ಗಳ ಗುಣಲಬ್ಧವನ್ನು ಪೂರ್ತಿ ಸುತ್ತಿಗೆ ಕೂಡಿದರೆ ಸೊನ್ನೆ ಬರುತ್ತದೆ. ಹಾಗಾಗಿ ಒಂದು ಸಂದೇಶವನ್ನು ಕೊಸೈನ್ ಮೇಲೂ ಇನ್ನೊಂದನ್ನು ಸೈನ್ ಮೇಲೂ ಹೇರಿ ಕಳಿಸಿದರೆ, ಆಚೆ ಬದಿಯಲ್ಲಿ ಅದೇ ಕೋನ ಹಿಡಿದು ಗುಣಿಸಿದವನಿಗೆ ಎರಡೂ ಬೇರೆಬೇರೆಯಾಗಿ ದಕ್ಕುತ್ತವೆ. ನಮ್ಮ ತಲೆಮಾರಿನವರು ಇದನ್ನು ಗೊತ್ತಿಲ್ಲದೆಯೇ ವರ್ಷಾನುಗಟ್ಟಲೆ ನೋಡಿದ್ದಾರೆ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ಬಂದಾಗ ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ ನೀಲಿಯ ಮತ್ತು ಕೆಂಪಿನ ವ್ಯತ್ಯಾಸ ಸಂಕೇತಗಳೆರಡೂ ಸುಮಾರು 4.43 ಮೆಗಾಹರ್ಟ್ಜ್‌ನ ಒಂದೇ ಉಪವಾಹಕದ ಮೇಲೆ 90 ಡಿಗ್ರಿ ಅಂತರದಲ್ಲಿ ಕೂತು ಬರುತ್ತಿದ್ದವು. ಕೋನ ಯಾವುದೆಂದು ಟಿವಿಗೆ ತಿಳಿಸಲು ಪ್ರತಿ ಗೆರೆಯ ಆರಂಭದಲ್ಲಿ ಆ ಉಪವಾಹಕದ ಚಿಕ್ಕ ತುಣುಕೊಂದನ್ನು ಕಳಿಸುತ್ತಿದ್ದರು. ದಾರಿಯಲ್ಲಿ ಕೋನ ಕೆಟ್ಟರೆ ಮುಖದ ಬಣ್ಣ ಹಸಿರಿಗೋ ನೇರಳೆಗೋ ತಿರುಗಬೇಕು. ಹಾಗಾಗದಿರಲೆಂದು ಕೆಂಪಿನ ಸಂಕೇತವನ್ನು ಗೆರೆ ಬಿಟ್ಟು ಗೆರೆ ತಿರುವುಮುರುವಾಗಿ ಕಳಿಸಿ, ಒಂದು ಗೆರೆಯ ತಪ್ಪನ್ನು ಮುಂದಿನ ಗೆರೆಯ ತಪ್ಪಿನಿಂದ ಹೊಡೆದುಹಾಕುತ್ತಿದ್ದರು.

ಡಾಂಗಲ್‌ನಲ್ಲಿ ಕ್ವಾಡ್ರೇಚರ್ ಮಾಡ್ಯುಲೇಶನ್ನನ್ನು, ಎಂದರೆ ಹೀಗೆ ಅಲೆಯ ಮೇಲೆ ಸಂದೇಶ ಹೇರುವುದನ್ನು, ಜೀವಂತವಾಗಿ ನೋಡಬೇಕೆಂದರೆ ರಷ್ಯಾದ ಮೀಟಿಯರ್ ಹವಾಮಾನ ಉಪಗ್ರಹಗಳಿಗಿಂತ ಒಳ್ಳೆಯ ವಿಷಯವಿಲ್ಲ. ಹವ್ಯಾಸಿಗಳು ಬಹುಕಾಲ ನೆಚ್ಚಿಕೊಂಡಿದ್ದ ಅಮೆರಿಕದ ಹಳೆಯ ನೋವಾ ಉಪಗ್ರಹಗಳ ಸೇವೆ 2025ರಲ್ಲಿ ಮುಗಿಯಿತು. 2023 ಮತ್ತು 2024ರಲ್ಲಿ ಹಾರಿಸಿದ ಮೀಟಿಯರ್ ಎಂ2-3 ಮತ್ತು ಎಂ2-4 ಉಪಗ್ರಹಗಳು 137.9 ಮೆಗಾಹರ್ಟ್ಜ್‌ನಲ್ಲಿ, ಸೆಕೆಂಡಿಗೆ 72 ಸಾವಿರ ಸಂಕೇತಗಳ ವೇಗದಲ್ಲಿ ಮೋಡಗಳ ಚಿತ್ರ ಕಳಿಸುವ ಬಗೆಯವು. ಆಂಟೆನಾಕ್ಕೆ ಹೆಚ್ಚು ಖರ್ಚಿಲ್ಲ: 53 ಸೆಂಟಿಮೀಟರಿನಷ್ಟು ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ಅಡ್ಡಲಾಗಿ ಕಟ್ಟಿದರೆ ಆಯಿತು. ಕೋಡಿಬಾಗದ ಕಡೆ, ಪಶ್ಚಿಮಕ್ಕೆ ಸಮುದ್ರ ತೆರೆದಿರುವಲ್ಲಿ ತಾರಸಿಯ ಮೇಲಿಟ್ಟರೆ ಉಪಗ್ರಹ ಕ್ಷಿತಿಜದಿಂದ ಸ್ವಲ್ಪ ಮೇಲೇರುತ್ತಲೇ ಸಿಗ್ನಲ್ ಬರತೊಡಗುತ್ತದೆ. ಪೂರ್ವದಲ್ಲಿ ಮಾತ್ರ ಸಹ್ಯಾದ್ರಿಯ ಗುಡ್ಡಗಳು ಅದನ್ನು ಬೇಗ ಮರೆಮಾಡುತ್ತವೆ.

ಆಗ ಪರದೆಯಲ್ಲಿ ನೋಡಬೇಕಾದದ್ದು ಸ್ಪೆಕ್ಟ್ರಮ್ಮನ್ನಲ್ಲ, ಐಯನ್ನು ಅಡ್ಡಕ್ಕೂ ಕ್ಯೂವನ್ನು ಲಂಬಕ್ಕೂ ಇಟ್ಟು ಬಿಡಿಸುವ ಚುಕ್ಕಿಗಳ ಚಿತ್ರವನ್ನು. ಮೊದಲಿಗೆ ಅಲ್ಲಿ ಕಾಣುವುದು ಒಂದು ದುಂಡನೆಯ ಮಸುಕು ಉಂಡೆ. ಉಪಗ್ರಹದ ಕೋನ ಯಾವುದೆಂದು ರಿಸೀವರಿಗೆ ಇನ್ನೂ ತಿಳಿಯದು, ವೇಗದಿಂದಾಗಿ ಕಂಪನಾಂಕವೂ ಸರಿಯುತ್ತಿರುತ್ತದೆ, ಆದ್ದರಿಂದ ಚುಕ್ಕಿಗಳೆಲ್ಲ ಸುತ್ತುತ್ತಿರುತ್ತವೆ. ಜಾನ್ ಕೋಸ್ಟಾಸ್ ಎಂಬ ಎಂಜಿನಿಯರ್ 1956ರಲ್ಲಿ ವಿವರಿಸಿದ ಕುಣಿಕೆ (ಲೂಪ್), ಐ ಮತ್ತು ಕ್ಯೂಗಳನ್ನು ಒಂದಕ್ಕೊಂದು ಹೋಲಿಸಿ, ಕೋನ ಎಷ್ಟು ತಪ್ಪಿದೆ ಎಂದು ಅಂದಾಜಿಸಿ ತಿದ್ದುತ್ತ ಹೋಗುತ್ತದೆ. ಅದು ಹಿಡಿತಕ್ಕೆ ಸಿಕ್ಕ ಗಳಿಗೆಯಲ್ಲಿ ಉಂಡೆ ಒಡೆದು ನಾಲ್ಕು ಮೂಲೆಗಳಲ್ಲಿ ನಾಲ್ಕು ಗುಂಪುಗಳಾಗುತ್ತದೆ. ಐ ಧನವೋ ಋಣವೋ ಎಂಬುದು ಒಂದು ಬಿಟ್, ಕ್ಯೂ ಧನವೋ ಋಣವೋ ಎಂಬುದು ಇನ್ನೊಂದು ಬಿಟ್. ಒಂದು ಸಂಕೇತಕ್ಕೆ ಎರಡು ಬಿಟ್. ಉಪಗ್ರಹ ನೆತ್ತಿಯ ಮೇಲೆ ಬಂದಂತೆ ಗುಂಪುಗಳು ಬಿಗಿಯಾಗುತ್ತವೆ, ಇಳಿದಂತೆ ಹರಡಿಕೊಂಡು ಒಂದರೊಳಗೊಂದು ಬೆರೆಯುತ್ತವೆ, ಆಗಲೇ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಬೀಳುತ್ತವೆ. ಮಳೆಗಾಲ ಹಿಡಿಯುವ ಮೊದಲು ಅರಬ್ಬಿ ಸಮುದ್ರದ ಮೇಲೆ ಮೋಡ ಒಟ್ಟಾಗುವುದನ್ನು ಹೀಗೆ ನಾವೇ ಹಿಡಿದ ಚಿತ್ರದಲ್ಲಿ ನೋಡುವುದಕ್ಕೂ ಟಿವಿಯಲ್ಲಿ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಈ ಉಪಗ್ರಹಗಳು ಬಳಸುವ ಓಕ್ಯೂಪಿಎಸ್‌ಕೆ ಎಂಬ ಮಾಡ್ಯುಲೇಶನ್ ಪದ್ಧತಿಯಲ್ಲಿ ಒಂದು ಜಾಣತನವಿದೆ. ಐ ಮತ್ತು ಕ್ಯೂ ಎರಡೂ ಒಟ್ಟಿಗೇ ಚಿಹ್ನೆ ಬದಲಿಸಿದರೆ ಬಿಂದು ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುವಾಗ ನಟ್ಟನಡುವಿನ ಸೊನ್ನೆಯನ್ನು ಹಾಯುತ್ತದೆ, ಎಂದರೆ ಪ್ರಸಾರದ ಬಲ ಆ ಕ್ಷಣಕ್ಕೆ ಕುಸಿದು ಮತ್ತೆ ಏರುತ್ತದೆ. ಉಪಗ್ರಹದಲ್ಲಿ ವಿದ್ಯುತ್ತನ್ನು ಉಳಿಸಲು ಗರಿಷ್ಠ ಮಟ್ಟದಲ್ಲಿ ದುಡಿಯುವ ಆಂಪ್ಲಿಫೈಯರಿಗೆ ಇಂತಹ ಏರಿಳಿತ ಆಗಿಬರದು. ಅಲೆ ವಿಕಾರಗೊಂಡು ಪಕ್ಕದ ಪಟ್ಟಿಗೂ ಚೆಲ್ಲುತ್ತದೆ. ಅದಕ್ಕಾಗಿ ಕ್ಯೂವನ್ನು ಅರ್ಧ ಸಂಕೇತದಷ್ಟು ತಡವಾಗಿ ಕಳಿಸುತ್ತಾರೆ. ಆಗ ಒಂದು ಸಲಕ್ಕೆ ಒಂದೇ ಬದಲಾಗುತ್ತದೆ, ಬಿಂದು ಅಂಚಿನಲ್ಲಿಯೇ ಓಡಾಡುತ್ತದೆ, ಸೊನ್ನೆಯ ಹತ್ತಿರ ಸುಳಿಯುವುದಿಲ್ಲ.

ಮೊಬೈಲ್ 4ಜಿಯಲ್ಲಿ ಇದೇ ಚೌಕವನ್ನು ಇನ್ನೂ ಸಣ್ಣ ಮನೆಗಳಾಗಿ ಹಂಚುತ್ತಾರೆ. ಐಗೆ 8 ಮಟ್ಟ, ಕ್ಯೂಗೆ 8 ಮಟ್ಟ, ಒಟ್ಟು 64 ಬಿಂದು, ಒಂದು ಸಂಕೇತಕ್ಕೆ 6 ಬಿಟ್. ಇದಕ್ಕೆ 64-ಕ್ಯೂಎಎಂ ಎನ್ನುತ್ತಾರೆ. ಬಿಂದುಗಳು ಹತ್ತಿರವಾದಷ್ಟೂ ಸ್ವಲ್ಪ ಗದ್ದಲಕ್ಕೇ ಒಂದು ಇನ್ನೊಂದಾಗಿ ಓದಲ್ಪಡುವುದರಿಂದ, ಸಿಗ್ನಲ್ ಕುಗ್ಗಿದಾಗ ಟವರು ತಾನಾಗಿ 16ಕ್ಕೆ, ಕೊನೆಗೆ 4ಕ್ಕೆ ಇಳಿಯುತ್ತದೆ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಫೋನಿನಲ್ಲಿ ಮಾತು ಹೇಗೋ ನಡೆಯುತ್ತದೆ, ವಿಡಿಯೋ ನಿಂತುಬಿಡುತ್ತದೆ ಎನ್ನುವುದಕ್ಕೆ ಈ ಇಳಿಕೆಯೂ ಒಂದು ಕಾರಣ. ಈ ಡಾಂಗಲ್‌ನಲ್ಲಿ ಅದನ್ನು ಪೂರ್ತಿಯಾಗಿ ಬಿಡಿಸಿ ನೋಡಲಾಗದು. ಸಾಮಾನ್ಯವಾಗಿ 5 ಮೆಗಾಹರ್ಟ್ಜ್ ಅಥವಾ ಅದಕ್ಕೂ ಅಗಲವಾದ ಚಾನೆಲ್ 2.4ರ ಕಿಂಡಿಯಲ್ಲಿ ಹಿಡಿಸುವುದಿಲ್ಲ.

ಕ್ಯೂ ಬೇಕಾದರೂ ಕೋನ ಬೇಡವಾದ ಉದಾಹರಣೆಯೂ ಉಂಟು. ವಿಮಾನಗಳು 1090 ಮೆಗಾಹರ್ಟ್ಜ್‌ನಲ್ಲಿ ತಮ್ಮ ಗುರುತು, ಎತ್ತರ, ಜಾಗಗಳನ್ನು ಮಿಡಿತಗಳಾಗಿ ಸಾರುತ್ತಿರುತ್ತವೆ. ಡಂಪ್1090 ಎಂಬ ತಂತ್ರಾಂಶ ಐ ಮತ್ತು ಕ್ಯೂಗಳಿಂದ ಅಲೆಯ ಎತ್ತರವನ್ನಷ್ಟೇ ಲೆಕ್ಕ ಹಾಕಿ, ಮಿಡಿತ ಇದೆಯೋ ಇಲ್ಲವೋ ಎಂದು ನೋಡಿ, ಕೋನವನ್ನು ಎಸೆದುಬಿಡುತ್ತದೆ. ಗೋವಾಕ್ಕೆ ಇಳಿಯುವ ವಿಮಾನಗಳೂ ಕರಾವಳಿಗುಂಟ ಸಾಗುವವೂ ಇಲ್ಲಿ ಸುಲಭವಾಗಿ ಸಿಗುತ್ತವೆ.

ಕರಾವಳಿಯಲ್ಲಿ ಬಳಸುವವರು ಗಮನಿಸಬೇಕಾದ ಕೊರತೆಗಳು ಕೆಲವಿವೆ. 8 ಬಿಟ್‌ಗಳ ಅಳತೆಯಾದ್ದರಿಂದ ಅತಿ ಬಲವಾದ ಮತ್ತು ಅತಿ ದುರ್ಬಲ ಸಿಗ್ನಲ್‌ಗಳು ಒಟ್ಟಿಗೆ ಬಂದರೆ, 50 ಡೆಸಿಬೆಲ್‌ಗಿಂತ ಹೆಚ್ಚಿನ ಅಂತರವನ್ನು ಇದು ತಾಳಲಾರದು. ಹತ್ತಿರದಲ್ಲಿ ಎಫ್‌ಎಂ ಪ್ರಸಾರ ಗೋಪುರ ಇರುವವರು ಗೇನನ್ನು, ಎಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣವನ್ನು, ಗರಿಷ್ಠ 49.6 ಡೆಸಿಬೆಲ್‌ಗೆ ಏರಿಸಿದರೆ ಅಲ್ಲಲ್ಲಿ ಹುಸಿ ಕೇಂದ್ರಗಳು ಹುಟ್ಟುತ್ತವೆ. ಇವನ್ನು ಐ-ಕ್ಯೂ ಬಿಂಬಗಳೆಂದು ತಿಳಿಯಬಾರದು. ಗೇನನ್ನು ಒಂದಿಷ್ಟು ಇಳಿಸಿ ನೋಡಿದರೆ ನಿಜ ಕೇಂದ್ರ ಅಷ್ಟೇ ಇಳಿಯುತ್ತದೆ, ಮಿತಿಮೀರಿದ್ದರಿಂದ ಹುಟ್ಟಿದ ಹುಸಿ ಕೇಂದ್ರ ಅದರ ಮೂರರಷ್ಟು ಬೇಗ ಕುಸಿಯುತ್ತದೆ. ಐ-ಕ್ಯೂ ಬಿಂಬವಾದರೆ ನಿಜ ಕೇಂದ್ರದ ಜೊತೆಜೊತೆಗೇ ಇಳಿಯುತ್ತದೆ. ಹೊತ್ತು ಕಳೆದಂತೆ ಕವಚ ಕೈಗೆ ಚುರುಕೆನ್ನುವಷ್ಟು ಬಿಸಿಯಾಗುತ್ತದೆ, ಗಾಬರಿ ಬೇಡ. ಉಪ್ಪುಗಾಳಿಯದು ಹೆಚ್ಚಿನ ಚಿಂತೆ. ಹೊರಗಿನ ಕನೆಕ್ಟರುಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿಲುಬು ಹಿಡಿಯುತ್ತವೆ. ರಬ್ಬರ್ ಟೇಪು ಬಿಗಿಯಾಗಿ ಸುತ್ತದೆ ಹೊರಗೆ ಬಿಡಬಾರದು. ಗುಡುಗಿನ ದಿನಗಳಲ್ಲಿ ತಂತಿ ಕಳಚಿಡುವುದನ್ನು ಬೇರೆ ಹೇಳಬೇಕಾಗಿಲ್ಲ. ಮನೆಯ ಇನ್ವರ್ಟರು ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳ ಗದ್ದಲ 765 ಕಿಲೋಹರ್ಟ್ಜ್‌ನ ಪ್ರಯೋಗವನ್ನು ಹಾಳುಗೆಡವುವುದರಿಂದ ಅದನ್ನು ಕರೆಂಟು ಹೋದ ಹೊತ್ತಿನಲ್ಲಿ, ಇನ್ವರ್ಟರನ್ನೂ ಆರಿಸಿ ಮಾಡುವುದೇ ಪ್ರಶಸ್ತ.

ಕೊಳ್ಳುವಾಗ ಮೋಸ ಹೋಗುವ ಸಂಭವವಿದೆ. ನನಗೆ ಮೊದಲು ಬಂದ ಪೆಟ್ಟಿಗೆಯ ಮೇಲೆ 1 ಪಿಪಿಎಂ ಎಂದು ಅಚ್ಚಾಗಿದ್ದರೂ ಒಳಗಿದ್ದುದು ಸಾಮಾನ್ಯ ಹರಳು, 102.3ರ ಕೇಂದ್ರ ಹಲವು ಕಿಲೋಹರ್ಟ್ಜ್ ಸರಿದು ಕಾಣುತ್ತಿತ್ತು, ಬಿಸಿಯೇರಿದಂತೆ ಇನ್ನೂ ಸರಿಯುತ್ತಿತ್ತು. 1 ಪಿಪಿಎಂ ನಿಜವಾಗಿದ್ದರೆ ಆ ಕಂಪನಾಂಕದಲ್ಲಿ 102 ಹರ್ಟ್ಜ್‌ಗಿಂತ ಹೆಚ್ಚು ತಪ್ಪಬಾರದು. ಮಾರಿದವರು ವಾದ ಮಾಡದೆ ಬದಲಿಸಿಕೊಟ್ಟರು. ಜೊತೆಗೆ ಬರುವ ಕಾಗದದಲ್ಲಿ ಡ್ರೈವರ್ ಹಾಕುವ ಕ್ರಮ ಬಿಟ್ಟರೆ ಐ, ಕ್ಯೂಗಳ ಬಗ್ಗೆ ಒಂದಕ್ಷರವೂ ಇಲ್ಲ. ಇಂಥ ಕಲಿಕೆಯ ಸಾಧನಕ್ಕೆ ಅದು ದೊಡ್ಡ ಕೊರತೆಯೆಂದೇ ನಾನು ಎಣಿಸುತ್ತೇನೆ.

ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಪಕ್ಕದಲ್ಲಿಯೇ ಇರುವುದರಿಂದ, ಸಾರ್ವಜನಿಕರಿಗೆಂದು ಅಲ್ಲದ ಸಂಭಾಷಣೆಗಳ ಕಡೆಗೆ ಟ್ಯೂನಿಂಗ್ ತಿರುಗಿಸದೆ, ಪ್ರಸಾರ ಕೇಂದ್ರಗಳು ಮತ್ತು ಹವಾಮಾನ ಉಪಗ್ರಹಗಳಿಗೆ ಸೀಮಿತವಾಗಿರುವುದು ವಿವೇಕ. ಡಾಂಗಲ್ ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ಕಳಿಸುವ ಬಗೆಯ ಎಸ್‌ಡಿಆರ್ ಕೊಳ್ಳುವವರು ಹ್ಯಾಮ್ ಪರೀಕ್ಷೆ ಪಾಸಾಗಿ ಕೇಂದ್ರ ಸರ್ಕಾರದ ರೇಡಿಯೋ ಪರವಾನಗಿ ವಿಭಾಗವಾದ ಡಬ್ಲ್ಯೂಪಿಸಿಯಿಂದ ಪರವಾನಗಿ ಪಡೆದಿರಬೇಕು. ಅಲ್ಲಿಯವರೆಗೆ ಮಾಡ್ಯುಲೇಶನ್ ಕಲಿಯಲು ಗ್ನೂ ರೇಡಿಯೋ ಎಂಬ ಉಚಿತ ತಂತ್ರಾಂಶ ಸಾಕು: ಅದರಲ್ಲಿ ಎರಡು ಬಿಟ್ ಹರಿವುಗಳನ್ನು ಐ ಮತ್ತು ಕ್ಯೂ ಮಾಡಿ, ಗದ್ದಲ ಬೆರೆಸಿ, ಕೋನ ತಿರುಗಿಸಿ, ಮತ್ತೆ ಬಿಡಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನೊಳಗೇ ನಡೆಸಬಹುದು. ಹಾಗೆ ಮಾಡಿದ ಚುಕ್ಕಿಗಳ ಚಿತ್ರವನ್ನು ಡಾಂಗಲ್ ಹಿಡಿದ ಮೀಟಿಯರ್ ಚಿತ್ರದ ಪಕ್ಕದಲ್ಲಿಟ್ಟು, ಎಷ್ಟು ಗದ್ದಲ ಬೆರೆಸಿದರೆ ಎರಡೂ ಒಂದೇ ರೀತಿ ಕಾಣುತ್ತವೆ ಎಂದು ನೋಡಿದರೆ ತಾರಸಿಯ ಮೇಲಿನ ಆಂಟೆನಾದ ಗುಣಮಟ್ಟವೂ ಅಂದಾಜಿಗೆ ಸಿಗುತ್ತದೆ.